ಸಸ್ಯಾಹಾರಿಗಳಿಗೆಲ್ಲಿಯ ಕೊಲೆಸ್ಟರಾಲ್?

“ನಾವು ಶುದ್ಧ ಸಸ್ಯಾಹಾರಿಗಳು, ನಮಗೆಲ್ಲಿಯ ಕೊಲೆಸ್ಟರಾಲ್?” ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ನನ್ನ ಹಿರಿಯಣ್ಣನವರೂ ಹಾಗೆಯೇ ನಂಬಿದ್ದರು. ಮೊದಲ ಹೃದಯಾಘಾತದ ಅನಂತರವೇ ಆ ನಂಬಿಕೆ ಸಡಿಲವಾದದ್ದು.

ಕೊಲೆಸ್ಟರಾಲ್ ಸ್ವಭಾವತಃ ಶತ್ರುವಲ್ಲ. ಜೀವಕೋಶಗಳ ಪೊರೆಗೂ ಪಿತ್ತರಸಕ್ಕೂ ಅದು ಅವಶ್ಯ. ಅದರ ಬಹುಪಾಲನ್ನು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆ. ಅದನ್ನು ರಕ್ತದಲ್ಲಿ ಸಾಗಿಸುವ ಎಲ್‌ಡಿಎಲ್ ಕಣಗಳು ಮಿತಿಮೀರಿದಾಗ ಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಶೇಖರವಾಗಿ ರಕ್ತದ ಹಾದಿ ಕಿರಿದಾಗುತ್ತದೆ. ನೋವಿಲ್ಲದೆ ನಡೆಯುವ ಈ ಕ್ರಿಯೆಯ ಸುಳಿವು ರಕ್ತಪರೀಕ್ಷೆಯಿಂದಲ್ಲದೆ ದೊರೆಯದು.

ಎಣ್ಣೆಯ ಡಬ್ಬಿಯ ಮೇಲಿನ ‘ಕೊಲೆಸ್ಟರಾಲ್ ರಹಿತ’ ಎಂಬ ಬರಹ ಸುಳ್ಳಲ್ಲ. ಯಾವ ಸಸ್ಯದ ಎಣ್ಣೆಯಲ್ಲಿಯೂ ಅದು ಲೆಕ್ಕಕ್ಕೆ ಬರುವಷ್ಟಿರುವುದಿಲ್ಲ. ಆದರೆ ತುಪ್ಪ, ಬೆಣ್ಣೆ, ತೆಂಗಿನೆಣ್ಣೆ, ತಾಳೆ ಎಣ್ಣೆಗಳಲ್ಲಿ ಹೇರಳವಾಗಿರುವ, ತಣ್ಣಗಾದೊಡನೆ ಹೆಪ್ಪುಗಟ್ಟುವ ಸಂತೃಪ್ತ ಕೊಬ್ಬು ಎಲ್‌ಡಿಎಲ್ ಪ್ರಮಾಣವನ್ನು ಏರಿಸುತ್ತದೆ. ಹೋಳಿಗೆಯ ಮೇಲೆ ಧಾರಾಳವಾಗಿ ಸುರಿಯುವ ತುಪ್ಪವನ್ನು ಚಮಚದಲ್ಲಿ ಅಳೆದರೆ ಹಬ್ಬಕ್ಕೇನೂ ಕೊರತೆಯಾಗದು.

ಪರಿಹಾರವೂ ಬಹುಮಟ್ಟಿಗೆ ಅಡುಗೆಮನೆಯಲ್ಲಿಯೇ ಇದೆ. ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಅಗಸಿ ಚಟ್ನಿ ಇವು ನಮ್ಮ ಹಿರಿಯರ ನಿತ್ಯದ ಊಟ. ಕಾಳು, ಅಗಸಿ, ಮೆಂತ್ಯೆಗಳಲ್ಲಿರುವ ಕರಗುವ ನಾರು ಕರುಳಿನಲ್ಲಿ ಪಿತ್ತಾಮ್ಲಗಳನ್ನು ಹಿಡಿದು ಹೊರಹಾಕುತ್ತದೆ. ಅವುಗಳನ್ನು ಮರಳಿ ತಯಾರಿಸಲು ಯಕೃತ್ತು ರಕ್ತದಿಂದಲೇ ಕೊಲೆಸ್ಟರಾಲನ್ನು ಸೆಳೆದುಕೊಳ್ಳುತ್ತದೆ. ಇದರೊಡನೆ ವಾರಕ್ಕೆ 5 ದಿನ, ದಿನಕ್ಕೆ 30 ನಿಮಿಷ ಬಿರುಸಿನ ನಡಿಗೆ ಇರಲಿ. ತಂಬಾಕು ಸಂಪೂರ್ಣ ತ್ಯಾಜ್ಯ.

ಇಷ್ಟರಿಂದಲೇ ಎಲ್ಲರಿಗೂ ಸಾಕಾಗುವುದೇ? ಇಲ್ಲ. ಅಣ್ಣನವರು ಪಥ್ಯವನ್ನು ನಿಷ್ಠೆಯಿಂದ ಪಾಲಿಸಿದರು. ಆದರೆ “ಬೆಳ್ಳುಳ್ಳಿಯೂ ಕಷಾಯವೂ ಸಾಕು, ಇಂಗ್ಲಿಷ್ ಮಾತ್ರೆ ಬೇಡ” ಎಂದ ಹಿತೈಷಿಗಳ ಮಾತು ಕೇಳಿ, ವೈದ್ಯರಿಗೆ ತಿಳಿಸದೆ ಮಾತ್ರೆ ನಿಲ್ಲಿಸಿದರು. ಎಂಟನೆಯ ತಿಂಗಳಿನಲ್ಲಿ ಎರಡನೆಯ ಆಘಾತವಾಯಿತು. ಜೀವ ಉಳಿಯಿತು, ಹೊಲದವರೆಗೆ ನಡೆದುಹೋಗುವ ಶಕ್ತಿ ಉಳಿಯಲಿಲ್ಲ.

ಆ ಮಾತ್ರೆಗಳ ಮೂಲವೂ ನಿಸರ್ಗವೇ ಎಂಬುದನ್ನು ನಾನು ತಡವಾಗಿ ಅರಿತೆ. 1973ರಲ್ಲಿ ಜಪಾನಿನ ವಿಜ್ಞಾನಿ ಅಕಿರಾ ಎಂಡೋ ಅವರು ಒಂದು ಬಗೆಯ ಬೂಷ್ಟಿನಲ್ಲಿ ಕಂಡುಹಿಡಿದ ವಸ್ತುವಿನಿಂದಲೇ ‘ಸ್ಟ್ಯಾಟಿನ್’ ಔಷಧಿಗಳ ಪರಂಪರೆ ಆರಂಭವಾಯಿತು. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಅಧ್ಯಯನದಲ್ಲಿ 4,444 ಹೃದ್ರೋಗಿಗಳನ್ನು ಐದು ವರ್ಷಕ್ಕೂ ಮೇಲ್ಪಟ್ಟು ಗಮನಿಸಲಾಗಿತ್ತು. ಸ್ಟ್ಯಾಟಿನ್ ಸೇವಿಸಿದವರಲ್ಲಿ ಮರಣದ ಪ್ರಮಾಣ ಶೇಕಡ 30ರಷ್ಟು ಕಡಿಮೆಯಾಗಿತ್ತು. ಬೆಳ್ಳುಳ್ಳಿಯ ಪರಿಣಾಮವಾದರೋ ಅತ್ಯಲ್ಪ.

ಆದುದರಿಂದ ಪಥ್ಯ ಮತ್ತು ಮಾತ್ರೆಗಳನ್ನು ಎದುರಾಳಿಗಳೆಂದು ಎಣಿಸಬೇಡಿರಿ. ಮಾತ್ರೆಯಿಂದ ಮೈಕೈ ನೋವು ಕಾಣಿಸಿದರೆ ವೈದ್ಯರಿಗೆ ಹೇಳಿರಿ. ಅವರು ಪ್ರಮಾಣವನ್ನಾಗಲಿ ಔಷಧಿಯನ್ನಾಗಲಿ ಬದಲಿಸಬಲ್ಲರು. ನಿಮ್ಮ ಮನೆಯ ಹಿರಿಯರು ಮಾತ್ರೆಯನ್ನು ಮುಂದುವರಿಸಿದ್ದಾರೆಯೇ ಎಂದು ಇಂದೇ ಒಮ್ಮೆ ವಿಚಾರಿಸಿರಿ. ನಾವು ಅಣ್ಣನವರನ್ನು ವಿಚಾರಿಸಿರಲಿಲ್ಲ.