ರ‍್ಯಾಂಡಲ್ ಪಾರ್ಕ್ ಮಹಾಪೇಟೆಯ ಏಳುಬೀಳು

ಲಕ್ಷ್ಮಿಯು ಚಂಚಲೆಯೆಂದು ನಮ್ಮ ಹಿರಿಯರು ಹೇಳಿದ್ದಾರೆ. ಆ ಮಾತನ್ನು ಹೇಳಿಕೊಂಡು ದೈವವನ್ನು ದೂರಿ ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆಯಾಗಿದೆ. ಆದರೆ ಅವಳು ಒಂದು ಊರಿಗೆ ಬರುವುದಕ್ಕೂ, ಬಂದು ಬಿಟ್ಟು ಹೋಗುವುದಕ್ಕೂ ಮನುಷ್ಯರೇ ಕಲ್ಪಿಸಿದ ಕಾರಣಗಳು ಬಹಳವಾಗಿರುತ್ತವೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ಓಹಾಯೋದಲ್ಲಿ, ಕ್ಲೀವ್‌ಲೆಂಡ್ ನಗರದ ಹೊರವಲಯದಲ್ಲಿ, ನಾರ್ತ್ ರ‍್ಯಾಂಡಲ್ ಎಂಬ ಸಣ್ಣ ಗ್ರಾಮವೊಂದುಂಟು. ೨೦೧೦ರ ಜನಗಣತಿಯಲ್ಲಿ ಅಲ್ಲಿದ್ದವರು ೧,೦೨೭ ಜನ. ಒಂದು ಕಾಲಕ್ಕೆ ಈ ಗ್ರಾಮವು ಜಗತ್ತಿನ ಅತ್ಯಂತ ದೊಡ್ಡ ಪೇಟೆಯನ್ನು ಹೊಂದಿದೆಯೆಂದು ಹೆಮ್ಮೆಪಟ್ಟಿತು. ತನ್ನ ಲಾಂಛನದಲ್ಲಿ ಎರಡು ಅಂಗಡಿ ಚೀಲಗಳನ್ನು ಬರೆಸಿಕೊಂಡಿತು. ಆ ಚೀಲಗಳು ತುಂಬಿದ ಬಗೆಯೂ ಬರಿದಾದ ಬಗೆಯೂ ನಮ್ಮ ಪೌರಸಭೆಗಳವರಿಗೂ ವರ್ತಕರಿಗೂ ತಿಳಿದಿರತಕ್ಕದ್ದೆಂದು ಭಾವಿಸಿ, ಈ ವೃತ್ತಾಂತವನ್ನು ವಾಚಕರ ಮುಂದಿಡುತ್ತಿದ್ದೇವೆ.

ಮಾಲ್ ಎಂದು ಈಗ ಎಲ್ಲರ ಬಾಯಲ್ಲಿರುವ, ಒಂದೇ ಛಾವಣಿಯಡಿಯ ಪೇಟೆಯ ಕಲ್ಪನೆಯನ್ನು ಆ ದೇಶದಲ್ಲಿ ರೂಪಕ್ಕೆ ತಂದವನು ವಿಕ್ಟರ್ ಗ್ರೂಯೆನ್ ಎಂಬ ಶಿಲ್ಪಿ. ಇವನು ೧೯೦೩ರಲ್ಲಿ ಆಸ್ಟ್ರಿಯದ ವಿಯೆನ್ನಾ ನಗರದಲ್ಲಿ ಜನಿಸಿದ ಯೆಹೂದ್ಯ. ನಾತ್ಸಿಗಳು ೧೯೩೮ರಲ್ಲಿ ಆ ನಾಡನ್ನು ನುಂಗಿದಾಗ ಅಮೆರಿಕಕ್ಕೆ ಓಡಿಬಂದವನು. ಮಿನೆಸೋಟ ಸಂಸ್ಥಾನದ ಈಡೈನ ಎಂಬಲ್ಲಿ ಇವನು ರಚಿಸಿದ ಸೌತ್‌ಡೇಲ್ ಎಂಬ ಪೇಟೆಯು ೧೯೫೬ರ ಅಕ್ಟೋಬರಿನಲ್ಲಿ ತೆರೆಯಲ್ಪಟ್ಟಿತು. ಹೊರಗೆ ಮೂಳೆ ಕೊರೆಯುವ ಚಳಿಯಿದ್ದಾಗ್ಯೂ ಒಳಗೆ ವರ್ಷವೆಲ್ಲ ವಸಂತದ ಹವೆ. ಹೊರಗೆ ಸಾವಿರಾರು ಮೋಟಾರು ಗಾಡಿಗಳು ನಿಲ್ಲಲು ಬಯಲು. ಗ್ರೂಯೆನ್ನನ ಉದ್ದೇಶವು ಕೇವಲ ಅಂಗಡಿಗಳನ್ನು ಕಟ್ಟುವುದಾಗಿರಲಿಲ್ಲ. ಪೇಟೆಯ ಸುತ್ತಲೂ ಮನೆಗಳು, ಪಾಠಶಾಲೆ, ಉದ್ಯಾನ, ಕೆರೆ ಎಲ್ಲವೂ ಇದ್ದು, ಚೆಲ್ಲಾಪಿಲ್ಲಿಯಾಗಿ ಬೆಳೆಯುತ್ತಿದ್ದ ಹೊರವಲಯಕ್ಕೆ ಅದು ಊರಿನ ನಡುವಣ ಚೌಕವಾಗಬೇಕೆಂದು ಅವನು ಬಯಸಿದ್ದನು. ಬಂಡವಳಗಾರರು ಅವನ ನಕ್ಷೆಯಿಂದ ಅಂಗಡಿಗಳನ್ನೂ ಗಾಡಿಗಳ ಬಯಲನ್ನೂ ಮಾತ್ರ ಆರಿಸಿಕೊಂಡರು. ಮಿಕ್ಕದ್ದು ಕಾಗದದ ಮೇಲೆಯೇ ಉಳಿಯಿತು.

ಇಂತಹ ಪೇಟೆಗಳು ಆ ದೇಶದಲ್ಲಿ ಮಳೆಗಾಲದ ಅಣಬೆಗಳಂತೆ ಎದ್ದುದಕ್ಕೆ ವರ್ತಕರ ಸಾಹಸವೊಂದೇ ಕಾರಣವೆನ್ನಲಾಗದು. ಸರಕಾರದ ಬೊಕ್ಕಸವೂ ಅದಕ್ಕೆ ಹೆಗಲು ಕೊಟ್ಟಿತು. ೧೯೫೪ರ ತೆರಿಗೆ ಕಾನೂನಿನಂತೆ, ಹೊಸದಾಗಿ ಕಟ್ಟಿದ ವ್ಯಾಪಾರದ ಕಟ್ಟಡದ ಸವಕಳಿಯ ಬಹುಭಾಗವನ್ನು ಮೊದಲ ಕೆಲವು ವರ್ಷಗಳಲ್ಲಿಯೇ ಲೆಕ್ಕಕ್ಕೆ ಬರೆದುಕೊಳ್ಳಲು ಅವಕಾಶವಾಯಿತು. ಕೈಗೆ ಬಾಡಿಗೆ ಬರುತ್ತಿದ್ದರೂ ಕಡತದಲ್ಲಿ ನಷ್ಟ ಕಾಣುವುದು. ಆ ನಷ್ಟವನ್ನು ತೋರಿಸಿ ತೆರಿಗೆಯನ್ನು ಇಳಿಸಿಕೊಳ್ಳಬಹುದು. ಕೆಲವು ವರ್ಷಗಳಾದ ಮೇಲೆ ಈ ಲಾಭವು ಕುಗ್ಗುವುದರಿಂದ, ಹಳೆಯದನ್ನು ದುರಸ್ತಿಮಾಡಿಕೊಂಡು ಇರುವುದಕ್ಕಿಂತ ಅದನ್ನು ಮಾರಿ ಮುಂದಿನ ಹೊಲದಲ್ಲಿ ಹೊಸದನ್ನು ಕಟ್ಟುವುದೇ ಲೇಸೆಂಬ ಬುದ್ಧಿ ಹುಟ್ಟಿತು. ೧೯೫೬ರ ಹೆದ್ದಾರಿ ಶಾಸನವು ೪೧,೦೦೦ ಮೈಲಿಗಳ ರಸ್ತೆಜಾಲಕ್ಕೆ ಮಂಜೂರಾತಿಯನ್ನು ಕೊಟ್ಟು, ವೆಚ್ಚದಲ್ಲಿ ನೂರಕ್ಕೆ ತೊಂಬತ್ತು ಪಾಲನ್ನು ಕೇಂದ್ರ ಸರಕಾರದ ಮೇಲೆ ಹೊರಿಸಿತು. ಎರಡು ಹೆದ್ದಾರಿಗಳು ಕೂಡುವಲ್ಲಿ ಜೋಳದ ಹೊಲವಿದ್ದರೆ, ಅದು ಒಂದೇ ರಾತ್ರಿಯಲ್ಲಿ ಚಿನ್ನದ ನೆಲವಾಯಿತು.

ನಾರ್ತ್ ರ‍್ಯಾಂಡಲ್ ಗ್ರಾಮಕ್ಕೆ ಭಾಗ್ಯವು ಬಂದದ್ದು ಈ ಹಾದಿಯಿಂದಲೇ. ಅಲ್ಲಿ ಹಿಂದಿನಿಂದ ಕುದುರೆ ಪಂದ್ಯದ ಮೈದಾನವೊಂದಿದ್ದು, ಊರು ಅದನ್ನೇ ನೆಚ್ಚಿ ಬದುಕುತ್ತಿತ್ತು. ಯಂಗ್ಸ್‌ಟೌನ್ ನಗರದ ಎಡ್ವರ್ಡ್ ಡಿಬಾರ್ಟೊಲೊ ಎಂಬ ಪ್ರಸಿದ್ಧ ಮಾಲ್ ನಿರ್ಮಾಪಕನು ಆ ನೆಲದಲ್ಲಿ ರ‍್ಯಾಂಡಲ್ ಪಾರ್ಕ್ ಮಾಲನ್ನು ಕಟ್ಟಿಸಿ, ೧೯೭೬ರ ಆಗಸ್ಟಿನಲ್ಲಿ ತೆರೆದನು. ಸುಮಾರು ೨೨ ಲಕ್ಷ ಚದರಡಿಯ ಅಂಗಡಿನೆಲ; ಎಂದರೆ ಐವತ್ತು ಎಕರೆಗಳಷ್ಟು. ಡಿಪಾರ್ಟ್‌ಮೆಂಟ್ ಸ್ಟೋರ್ ಎನ್ನಿಸುವ ಐದು ಮಹಾಮಳಿಗೆಗಳು, ಅವುಗಳ ನಡುವೆ ಇನ್ನೂರಕ್ಕೂ ಮಿಕ್ಕಿದ ಅಂಗಡಿಗಳು. ಅಲ್ಲಿ ಕೆಲಸಮಾಡುತ್ತಿದ್ದವರ ಸಂಖ್ಯೆಯು ಗ್ರಾಮದ ಜನಸಂಖ್ಯೆಯನ್ನು ಮೀರಿತ್ತು. ಓಹಾಯೋದಲ್ಲಿ ಒಂದು ಊರಿನ ಪೌರಾಡಳಿತವು ತನ್ನ ಎಲ್ಲೆಯೊಳಗೆ ದುಡಿಯುವವರ ಸಂಬಳದ ಮೇಲೆ, ಅವರು ಬೇರೆಡೆ ವಾಸಿಸುತ್ತಿದ್ದರೂ, ತೆರಿಗೆಯನ್ನು ಎತ್ತಬಹುದು. ಸಾವಿರ ಜನರ ಗ್ರಾಮಕ್ಕೆ ಹಲವು ಸಾವಿರ ಜನರ ದುಡಿಮೆಯ ಪಾಲು ಬರತೊಡಗಿದರೆ ಅದರ ಬೊಕ್ಕಸದ ಸೊಂಪನ್ನು ಬಣ್ಣಿಸಬೇಕಾಗಿಲ್ಲ.

ಆದರೆ ಈ ಗಿರಾಕಿಗಳೆಲ್ಲರೂ ಎಲ್ಲಿಂದ ಬಂದರು? ಈ ಪ್ರಶ್ನೆಯನ್ನು ಆಗ ಕೇಳಿದವರು ವಿರಳ. ಕ್ಲೀವ್‌ಲೆಂಡ್ ನಗರದಲ್ಲಿ ೧೯೫೦ರಲ್ಲಿ ೯ ಲಕ್ಷ ೧೪ ಸಾವಿರ ಜನರಿದ್ದರು. ೧೯೮೦ರ ಹೊತ್ತಿಗೆ ೫ ಲಕ್ಷ ೭೪ ಸಾವಿರಕ್ಕೆ ಇಳಿದಿದ್ದರು. ನಗರವನ್ನೂ ಹೊರವಲಯಗಳನ್ನೂ ಒಳಗೊಂಡ ಕಯಹೋಗ ಜಿಲ್ಲೆಯಲ್ಲಿಯೂ ೧೯೭೦ರಲ್ಲಿ ೧೭ ಲಕ್ಷ ೨೧ ಸಾವಿರವಿದ್ದ ಜನರು ೨೦೧೦ರಲ್ಲಿ ೧೨ ಲಕ್ಷ ೮೦ ಸಾವಿರವಾದರು. ಜನರು ಹೆಚ್ಚಲಿಲ್ಲ, ಅಂಗಡಿಗಳು ಮಾತ್ರ ಹೆಚ್ಚಿದವು. ಹೊಸ ಪೇಟೆಯು ಹೊಸ ಸಂಪತ್ತನ್ನು ಹುಟ್ಟಿಸಿದುದಕ್ಕಿಂತ, ನಗರದ ನಡುವಣ ಯೂಕ್ಲಿಡ್ ಬೀದಿಯ ವ್ಯಾಪಾರವನ್ನು ಹೊರಕ್ಕೆ ಎಳೆದುಕೊಂಡದ್ದೇ ಹೆಚ್ಚು. ಆ ಬೀದಿಯ ಹ್ಯಾಲೀಸ್ ಎಂಬ ಹೆಸರಾಂತ ಮಳಿಗೆಯು ೧೯೮೨ರಲ್ಲಿ ಮುಚ್ಚಿತು. ಮೇ ಕಂಪನಿಯು ೧೯೯೩ರಲ್ಲಿ ಬಾಗಿಲು ಹಾಕಿತು. ನೆರೆಯ ಕೆರೆಯ ಕೋಡಿಯನ್ನು ಒಡೆದು ತನ್ನ ಕೆರೆಯನ್ನು ತುಂಬಿಸಿಕೊಂಡವನು ಮಳೆಯನ್ನು ತಾನೇ ತಂದೆನೆಂದು ಹೇಳಿಕೊಂಡಂತೆ ಈ ಅಭ್ಯುದಯವಿತ್ತು.

ರ‍್ಯಾಂಡಲ್ ಪಾರ್ಕ್ ನಗರಕ್ಕೆ ಮಾಡಿದುದನ್ನೇ ಇತರರು ರ‍್ಯಾಂಡಲ್ ಪಾರ್ಕಿಗೆ ಮಾಡಿದರು. ಕೆಲವೇ ಮೈಲಿಗಳಾಚೆ, ಹೆಚ್ಚು ಸ್ಥಿತಿವಂತರಿದ್ದ ಬೀಚ್‌ವುಡ್ಡಿನಲ್ಲಿ, ೧೯೭೮ರಲ್ಲಿಯೇ ಮತ್ತೊಂದು ಮಾಲ್ ತೆರೆಯಿತು. ಸುತ್ತಲಿನ ಬಡಾವಣೆಗಳಿಗೆ ಕರಿಯ ಜನಾಂಗದ ಕುಟುಂಬಗಳು ಬಂದು ನೆಲೆಸಿದಂತೆ ಬಿಳಿಯರು ಇನ್ನೂ ದೂರಕ್ಕೆ ಸರಿದರು. ದೊಡ್ಡ ಕಂಪನಿಗಳು ಅವರ ಹಿಂದೆಯೇ ನಡೆದುವು. ವರ್ಣಭೇದದ ಈ ಕಲೆಯು ಅಲ್ಲಿನ ಹೊರವಲಯಗಳ ಚರಿತ್ರೆಯಲ್ಲೆಲ್ಲ ಹರಡಿಕೊಂಡಿದೆ. ಅದನ್ನು ಮುಚ್ಚಿಟ್ಟು ಈ ಕಥೆಯನ್ನು ಹೇಳಲಾಗದು. ಇತ್ತ ಮಹಾಮಳಿಗೆಗಳ ಒಡೆತನವು ಕೈಯಿಂದ ಕೈಗೆ ಹೋಗತೊಡಗಿತು. ಕ್ಲೀವ್‌ಲೆಂಡಿನ ಹಳೆಯ ಮನೆತನದ ಹಿಗ್ಬೀಸ್ ಮಳಿಗೆಯು ೧೯೯೨ರಲ್ಲಿ ಡಿಲ್ಲಾರ್ಡ್ಸ್ ಆಯಿತು. ದೂರದ ಕೇಂದ್ರ ಕಚೇರಿಯಲ್ಲಿ ಕುಳಿತವರಿಗೆ ಅದು ಪಟ್ಟಿಯಲ್ಲಿನ ಒಂದು ಅಂಕೆಯೇ ಹೊರತು ಊರಲ್ಲ.

ಇಂತಹ ಪೇಟೆಯು ಕುಸಿಯುವ ಕ್ರಮವನ್ನು ನಮ್ಮ ವರ್ತಕರು ಗಮನಿಸಬೇಕು. ಮಹಾಮಳಿಗೆಯು ಜನರನ್ನು ಸೆಳೆಯುತ್ತದೆಂದು ಅದಕ್ಕೆ ಬಾಡಿಗೆ ಅಲ್ಪ. ಆ ಜನರನ್ನು ನೆಚ್ಚಿದ ಸಣ್ಣ ಅಂಗಡಿಗಳಿಗೆ ಬಾಡಿಗೆ ಅಧಿಕ. ಮಹಾಮಳಿಗೆಯು ತೆರಳಿದರೆ ತಾವೂ ಬಾಡಿಗೆಯನ್ನು ಇಳಿಸಿಕೊಳ್ಳಬಹುದು, ಇಲ್ಲವೆ ಬಿಟ್ಟು ಹೋಗಬಹುದು ಎಂಬ ಷರತ್ತನ್ನು ಅನೇಕ ಅಂಗಡಿಕಾರರು ಕರಾರಿನಲ್ಲಿ ಬರೆಸಿಕೊಂಡಿರುತ್ತಾರೆ. ಆದುದರಿಂದ ಒಂದು ಕಂಬವು ಬಿದ್ದೊಡನೆ ತೊಲೆಗಳು ತಾವಾಗಿ ಕಳಚುತ್ತವೆ. ಬಾಡಿಗೆ ಇಳಿದರೆ ಛಾವಣಿಯ ದುರಸ್ತಿ ನಿಲ್ಲುತ್ತದೆ; ಸೋರುವ ಛಾವಣಿಯನ್ನು ಕಂಡು ಮತ್ತಷ್ಟು ಗಿರಾಕಿಗಳು ತಪ್ಪುತ್ತಾರೆ. ೨೦೦೦ದ ಈಚೆಗೆ ರ‍್ಯಾಂಡಲ್ ಪಾರ್ಕಿನಲ್ಲಿ ಹೀಗೆಯೇ ಆಗಿ, ೨೦೦೯ರಲ್ಲಿ ಮಾಲ್ ಮುಚ್ಚಲ್ಪಟ್ಟಿತು. ಐದು ವರ್ಷಗಳ ಕಾಲ ಪಾಳುಬಿದ್ದಿದ್ದು, ೨೦೧೪ರ ಕೊನೆಯಲ್ಲಿ ಅದನ್ನು ಕೆಡಹಲು ಆರಂಭಿಸಿದರು. ಅಂತರ್ಜಾಲದ ವ್ಯಾಪಾರವೇ ಇದನ್ನು ಕೊಂದಿತೆಂದು ಹೇಳುವವರುಂಟು. ಇದು ಮುಚ್ಚಿದ ವರ್ಷ ಅಮೆರಿಕದ ಚಿಲ್ಲರೆ ವ್ಯಾಪಾರದಲ್ಲಿ ಅಂತರ್ಜಾಲದ ಪಾಲು ನೂರಕ್ಕೆ ಸುಮಾರು ನಾಲ್ಕು ಮಾತ್ರ. ಬಂದ ಬಿರುಗಾಳಿಗಿಂತ ಮೊದಲೇ ಮರದ ಬೇರು ಕೊಳೆತಿತ್ತು.

ಬಿರುಗಾಳಿಯು ಆಮೇಲೆ ಬಂದು ಆ ನೆಲವನ್ನೇ ಆರಿಸಿಕೊಂಡಿತು. ೨೦೧೮ರಲ್ಲಿ ಅದೇ ಸ್ಥಳದಲ್ಲಿ ಅಮೆಜಾನ್ ಕಂಪನಿಯ ಮಹಾ ಉಗ್ರಾಣವು ತೆರೆಯಿತು. ಅದೇ ಸೀಮೆಯಲ್ಲಿ ೧೯೭೭ರ ಯೂಕ್ಲಿಡ್ ಸ್ಕ್ವೇರ್ ಮಾಲ್, ೧೯೭೫ರ ಅಕ್ರನ್ ನಗರದ ರೋಲಿಂಗ್ ಏಕರ್ಸ್ ಮಾಲ್, ಇವೆರಡೂ ಕೆಡಹಲ್ಪಟ್ಟು ಅದೇ ಕಂಪನಿಯ ಉಗ್ರಾಣಗಳಾದುವು. ಕೂಲಿ ಮರಳಿ ಬಂದಿತೆಂಬುದು ನಿಜ, ತೆರಿಗೆಯೂ ಬಂದಿತು. ಹಸಿದ ಊರಿಗೆ ಇದು ಸಣ್ಣ ಮಾತಲ್ಲ. ಆದರೆ ಚಳಿಗಾಲದ ಬೆಳಗಿನಲ್ಲಿ ಮುದುಕರು ಒಳಗೆ ನಡೆದಾಡುತ್ತಿದ್ದ, ಹುಡುಗರು ಮೊದಲ ಸಂಬಳವನ್ನು ಎಣಿಸಿದ, ನೆರೆಹೊರೆಯವರು ಎದುರಾಗಿ ಮಾತನಾಡುತ್ತಿದ್ದ ಎಡೆಯು ಮರಳಿ ಬರಲಿಲ್ಲ. ಊರು ಕುದುರೆಯ ಪಂದ್ಯದಿಂದ ಮಾಲಿಗೆ, ಮಾಲಿನಿಂದ ಉಗ್ರಾಣಕ್ಕೆ, ಪ್ರತಿಸಲವೂ ಒಬ್ಬ ಧಣಿಯ ಕೈಹಿಡಿದೇ ನಡೆದಿದೆ.

ನಮ್ಮ ದೃಷ್ಟಿಯಲ್ಲಿ ಈ ವೃತ್ತಾಂತದ ತಿರುಳು ಇಲ್ಲಿದೆ. ಪೇಟೆಯೆಂಬುದು ಬೇರೆ, ಪೇಟೆಯ ವೇಷವನ್ನು ತೊಟ್ಟ ಒಬ್ಬನ ಆಸ್ತಿಯೆಂಬುದು ಬೇರೆ. ಕೆಂಪೇಗೌಡನು ೧೫೩೭ರಲ್ಲಿ ಸ್ಥಾಪಿಸಿದನೆನ್ನುವ ಬೆಂಗಳೂರಿನ ಹಳೆಯ ಪೇಟೆಗಳನ್ನು ನೋಡಿರಿ. ಚಿಕ್ಕಪೇಟೆಯಲ್ಲಾಗಲಿ ಅಕ್ಕಿಪೇಟೆಯಲ್ಲಾಗಲಿ ನೂರಾರು ಒಡೆಯರು, ನೂರಾರು ಸಾಲಗಳು, ನೂರಾರು ಲೆಕ್ಕಗಳು. ಒಬ್ಬನು ದಿವಾಳಿಯೆದ್ದರೆ ಪಕ್ಕದವನು ಆ ಮಳಿಗೆಯನ್ನು ಹಿಡಿಯುವನು. ಧಾನ್ಯದ ವ್ಯಾಪಾರ ಹೋದರೆ ಬಟ್ಟೆಯ ವ್ಯಾಪಾರ ಬರುವುದು. ಬೀದಿ ಮಾತ್ರ ಬಾಳುವುದು. ಮಾಲಿನಲ್ಲಿ ಹಕ್ಕುಪತ್ರವೊಂದು, ಸಾಲವೊಂದು, ಛಾವಣಿಯೊಂದು. ಆದುದರಿಂದ ಮರಣವೂ ಒಂದೇ. ಹೀಗೆಂದು ಹಳೆಯ ಪೇಟೆಗಳ ಕೊಳೆಯನ್ನೂ ಇಕ್ಕಟ್ಟನ್ನೂ ಬೆಂಕಿಯ ಭಯವನ್ನೂ ನಾವು ಹೊಗಳುವವರಲ್ಲ. ಮಗುವನ್ನು ಎತ್ತಿಕೊಂಡು ಬಂದ ಗೃಹಿಣಿಗೆ ಶುಚಿಯಾದ ಶೌಚಾಲಯವೂ ನೆರಳೂ ದೊರೆಯುವುದು ಮಾಲಿನಲ್ಲಿ ಎಂದಾದರೆ, ಆಕೆ ಅಲ್ಲಿಗೆ ಹೋಗುವುದು ತಪ್ಪಲ್ಲ. ಪೇಟೆಯಲ್ಲಿ ಅವನ್ನು ಒದಗಿಸದ ಪೌರಸಭೆಯದೇ ತಪ್ಪು.

೨೦೦೪ರಲ್ಲಿ ಕೋರಮಂಗಲದ ಫೋರಂ ತೆರೆದ ಮೇಲೆ ನಮ್ಮ ರಾಜಧಾನಿಯಲ್ಲಿಯೂ ಮಾಲುಗಳು ಬೆಳೆದಿವೆ. ನಮ್ಮ ಸ್ಥಿತಿಯು ಓಹಾಯೋದಂತಲ್ಲ: ಇಲ್ಲಿ ಜನಸಂಖ್ಯೆ ಕುಗ್ಗಿಲ್ಲ, ಹಳೆಯ ಬೀದಿಗಳು ಖಾಲಿಯಾಗಿಲ್ಲ. ಹಾಗೆಂದು ನಾವು ಅಪಾಯದಿಂದ ಹೊರಗಿದ್ದೇವೆನ್ನಲಾಗದು. ಆಸ್ತಿ ತೆರಿಗೆಯ ಬಾಕಿಗಾಗಿ ನಗರದ ದೊಡ್ಡ ಮಾಲೊಂದಕ್ಕೆ ೨೦೨೧ರಿಂದೀಚೆಗೆ ಪಾಲಿಕೆಯು ಹಲವು ಬಾರಿ ಬೀಗ ಹಾಕಬೇಕಾಯಿತೆಂಬುದನ್ನು ಅಧಿಕಾರಿಗಳು ಮರೆಯಲಾಗದು. ಇಂತಹ ನಿರ್ಮಾಣಕ್ಕೆ ಸಾರ್ವಜನಿಕರ ನೆಲವನ್ನು ಕೊಡುವುದಾದರೆ ಮಾರಬಾರದು, ಗುತ್ತಿಗೆಗೆ ಕೊಡಬೇಕು. ಪಾಳುಬಿದ್ದ ದಿನ ಕೆಡಹುವ ವೆಚ್ಚಕ್ಕೆ ಮೊದಲೇ ಠೇವಣಿಯನ್ನು ಹಿಡಿಯಬೇಕು. ಒಂದೇ ಆಸ್ತಿಯ ವರಮಾನವನ್ನು ನೆಚ್ಚಿ ಊರಿನ ಆಯವ್ಯಯವನ್ನು ಹೆಣೆಯಬಾರದು. ಬೀದಿಬದಿಯ ವ್ಯಾಪಾರಿಗಳ ರಕ್ಷಣೆಗೆಂದು ೨೦೧೪ರಲ್ಲಿ ಪಾರ್ಲಿಮೆಂಟು ಮಾಡಿದ ಕಾನೂನು ಕಡತದಲ್ಲಿ ನಿದ್ರಿಸದಂತೆ ನೋಡಿಕೊಳ್ಳಬೇಕು.

ಕೊನೆಯದಾಗಿ ಗ್ರೂಯೆನ್ನನ ವಿಷಯ. ೧೯೬೮ರಲ್ಲಿ ಅವನು ತನ್ನ ವಿಯೆನ್ನಾಗೆ ಹಿಂದಿರುಗಿದನು. ರ‍್ಯಾಂಡಲ್ ಪಾರ್ಕ್ ತೆರೆದ ೧೯೭೬ರಲ್ಲಿಯೇ ಆ ನಗರದ ದಕ್ಷಿಣದ ಹೊರವಲಯದಲ್ಲಿಯೂ ಒಂದು ಮಹಾ ಮಾಲ್ ಎದ್ದಿತು. ಅವನು ಅಗಲಿಹೋದ ಪದ್ಧತಿಯು ಅವನ ತವರಿನ ಬಾಗಿಲಿಗೇ ಬಂದು ನಿಂತಿತು. ೧೯೭೮ರಲ್ಲಿ ಲಂಡನ್ನಿನಲ್ಲಿ ಮಾತನಾಡುತ್ತ, ತನ್ನ ಹೆಸರಿನಲ್ಲಿ ಬೆಳೆದ ಈ ಸಂತತಿಯು ತನ್ನದಲ್ಲವೆಂದು ಅವನು ನಿರಾಕರಿಸಿದನು. ೧೯೮೦ರಲ್ಲಿ ತೀರಿಕೊಂಡನು. ನಕ್ಷೆಯನ್ನು ಬರೆದವನೇ ಕೈಬಿಟ್ಟುದನ್ನು ನಾವು ಪ್ರಗತಿಯೆಂದು ಕಣ್ಣುಮುಚ್ಚಿ ತರುವ ಮೊದಲು, ಅವನ ನಕ್ಷೆಯಲ್ಲಿ ಮನೆ, ಶಾಲೆ, ಉದ್ಯಾನ, ಕೆರೆಗಳೂ ಇದ್ದುವೆಂಬುದನ್ನು ನೆನೆಯುವುದು ಒಳಿತು. ಊರನ್ನು ಕಟ್ಟಿದಲ್ಲಿ ಪೇಟೆಯು ತಾನಾಗಿ ಬರುವುದು; ಪೇಟೆಯೊಂದನ್ನೇ ಕಟ್ಟಿದರೆ ಊರು ಬರುವುದೆಂಬ ಭರವಸೆಯಿಲ್ಲ. ನಮ್ಮ ಪೌರಸಭೆಗಳವರು ಈ ಭೇದವನ್ನು ಮನಸ್ಸಿನಲ್ಲಿಟ್ಟು ಮುಂದಿನ ಪರವಾನಗಿಗೆ ರುಜು ಹಾಕುವರೆಂದು ಆಶಿಸುತ್ತೇವೆ.