ಸಂಶೋಧನ ಪ್ರಸ್ತಾವ: ಅದರ ರಚನೆ ಮತ್ತು ಸಮರ್ಥನೆ

ವಚನ ಸಾಹಿತ್ಯವನ್ನು ಕುರಿತು ಪಿಎಚ್.ಡಿ. ಪದವಿಗಾಗಿ ಅಭ್ಯಾಸ ಮಾಡಬೇಕೆಂಬ ಹಂಬಲವುಳ್ಳ ತರುಣ ತರುಣಿಯರು ನಮ್ಮ ಸುರೇಬಾನ, ರಾಮದುರ್ಗ, ಸವದತ್ತಿಯ ಸುತ್ತಿನಲ್ಲಿ ಕಡಿಮೆಯಿಲ್ಲ. ಆದರೆ ಅವರಲ್ಲಿ ಅನೇಕರು ಮಹಾಪ್ರಬಂಧವನ್ನು ಬರೆಯುವ ಮೊದಲೇ, ಪ್ರಸ್ತಾವದ ಹಂತದಲ್ಲಿಯೇ ಎಡವುತ್ತಾರೆ. ಭಕ್ತಿಯ ಅಥವಾ ಓದಿನ ಕೊರತೆಯಿಂದ ಹೀಗಾಗುವುದಿಲ್ಲ. ತಾವು ಕೇಳಹೊರಟ ಪ್ರಶ್ನೆ ಯಾವುದೆಂಬುದು ಅವರಿಗೇ ಸ್ಪಷ್ಟವಾಗಿರುವುದಿಲ್ಲ.

ಪ್ರಸ್ತಾವವೆಂದರೆ ಪ್ರಬಂಧದ ಸಂಕ್ಷೇಪವಲ್ಲ. ಏನು ತಿಳಿದಿದೆ, ಏನು ತಿಳಿದಿಲ್ಲ, ತಿಳಿಯದುದನ್ನು ಯಾವ ಆಕರಗಳಿಂದ ಯಾವ ಕ್ರಮದಿಂದ ತಿಳಿಯಬಹುದು ಎಂಬುದರ ಲಿಖಿತ ಒಪ್ಪಂದವದು. ಉತ್ತರವು ಮೊದಲೇ ನಿಶ್ಚಿತವಾಗಿದ್ದರೆ ಅಲ್ಲಿ ಸಂಶೋಧನೆಗೆ ಎಡೆಯಿಲ್ಲ. ‘ವಚನಗಳಲ್ಲಿ ಕಾಯಕದ ಮಹತ್ವ’ ಎಂಬ ವಿಷಯವನ್ನೇ ತೆಗೆದುಕೊಳ್ಳೋಣ. ಅದು ಪ್ರವಚನಕ್ಕೆ ಒಪ್ಪುತ್ತದೆ. ಕಾಯಕಕ್ಕೆ ಮಹತ್ವವಿಲ್ಲವೆಂದು ಯಾರೂ ವಾದಿಸದಿರುವುದರಿಂದ ಸಂಶೋಧನೆಗೆ ಒಪ್ಪುವುದಿಲ್ಲ.

ಇದನ್ನು ಹೇಗೆ ಕಿರಿದುಗೊಳಿಸಬಹುದು? ನಮ್ಮ ಭಾಗ ಕೈಮಗ್ಗಕ್ಕೆ ಹೆಸರಾದದ್ದು. ನೇಯ್ಗೆಯ ಕಾಯಕದ ಜೇಡರ ದಾಸಿಮಯ್ಯನವರಲ್ಲಿ ಮಗ್ಗದ ಕೆಲಸವನ್ನೇ ರೂಪಕವಾಗಿಸಿಕೊಂಡ ವಚನವೊಂದಿದೆ. ಅದರಲ್ಲಿ ಬರುವ ‘ಉಂಕೆ’ ಮೊದಲಾದ ವೃತ್ತಿಪದಗಳನ್ನು ಇಂದಿನ ನೇಕಾರರು ಬಳಸುತ್ತಾರೆಯೇ? ಬಳಸಿದರೆ ಅದೇ ಅರ್ಥದಲ್ಲಿಯೇ? ಆ ಅರ್ಥವು ವಚನದ ವ್ಯಾಖ್ಯಾನವನ್ನು ಎಲ್ಲಿಯಾದರೂ ಬದಲಿಸುವುದೇ? ಈಗ ಪ್ರಶ್ನೆ ಹುಟ್ಟಿತು. ಉತ್ತರ ‘ಇಲ್ಲ’ ಎಂದಾದರೂ ಶ್ರಮ ವ್ಯರ್ಥವಾಗದು. ವಿದ್ಯುತ್ ಮಗ್ಗ ಹಬ್ಬಿದಂತೆ ಕೈಮಗ್ಗದ ಮಾತುಗಳು ವೃದ್ಧರ ಬಾಯಲ್ಲಿ ಮಾತ್ರ ಉಳಿಯುತ್ತಿರುವುದರಿಂದ ಈ ಕೆಲಸವನ್ನು ಹತ್ತು ವರ್ಷ ಮುಂದೂಡುವಂತೆಯೂ ಇಲ್ಲ.

ಹಿರಿಯರ ಮಾದರಿಗಳೂ ಇವೆ. ಡಾ. ಎಂ. ಎಂ. ಕಲಬುರ್ಗಿಯವರ ಮಹಾಪ್ರಬಂಧ ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’. ‘ಪರಿಸರ’ ಎಂಬ ಒಂದು ಪದವೇ ಕಾಲದ ಎಲ್ಲೆಯನ್ನೂ ಸಾಮಗ್ರಿಯ ಎಲ್ಲೆಯನ್ನೂ ಹಾಕಿಕೊಟ್ಟಿರುವುದನ್ನು ಗಮನಿಸಬೇಕು. ಡಾ. ಎಸ್. ಸಿ. ನಂದೀಮಠರು ಲಂಡನ್ ವಿಶ್ವವಿದ್ಯಾಲಯದಲ್ಲಿ ವೀರಶೈವವನ್ನು ಕುರಿತು ಸಂಶೋಧನೆ ನಡೆಸಿದವರು. 1942ರಲ್ಲಿ ಧಾರವಾಡದಿಂದ ಪ್ರಕಟವಾದ ಅವರ ಇಂಗ್ಲಿಷ್ ಕೈಪಿಡಿ ಅಪರಿಚಿತ ವಾಚಕನಿಗೂ ವಿಷಯವನ್ನು ಮೊದಲಿನಿಂದ ವಿವರಿಸುತ್ತದೆ. ಪ್ರಸ್ತಾವವನ್ನು ಬರೆಯುವವರಿಗೆ ಈ ಗುಣ ಅವಶ್ಯ. ಸಮಿತಿಯಲ್ಲಿ ಕುಳಿತವರೆಲ್ಲ ಷಟ್‌ಸ್ಥಲವನ್ನು ಬಲ್ಲವರೆಂದು ಭಾವಿಸಲಾಗದು.

ಆಕರಗಳ ವಿಷಯಕ್ಕೆ ಬರೋಣ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಮನೆಮನೆ ತಿರುಗಿ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. 1993ರಲ್ಲಿ ರಾಜ್ಯ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಆದುದರಿಂದ ಸಾಮಗ್ರಿ ಸಿಗಲಿಲ್ಲವೆಂಬ ನೆವ ಈಗ ನಡೆಯದು. ಆದರೆ ಯಾವ ಆವೃತ್ತಿಯ ಪಾಠವನ್ನು ಹಿಡಿದಿದ್ದೀರಿ, ಏಕೆ ಎಂಬ ಪ್ರಶ್ನೆ ತಪ್ಪದು. ಒಂದೇ ವಚನವು ಬೇರೆ ಬೇರೆ ಸಂಕಲನಗಳಲ್ಲಿ ಪಾಠಾಂತರ ಹೊಂದುವುದುಂಟು. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಇಬ್ಬರೋ ಒಬ್ಬರೋ ಎಂಬ ಚರ್ಚೆಯೂ ವಿದ್ವಾಂಸರಲ್ಲಿ ನಡೆದಿದೆ. ಇದನ್ನು ಮುಚ್ಚಿಡದೆ ಪ್ರಸ್ತಾವದಲ್ಲಿಯೇ ತಿಳಿಸಿ, ತನ್ನ ನಿಲುವಿಗೆ ಆಧಾರ ಕೊಡತಕ್ಕದ್ದು.

ನಿಯಮಗಳ ಮಾತು ಸಂಕ್ಷೇಪವಾಗಿ. 2010ರಲ್ಲಿ ಸ್ಥಾಪಿತವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ನಮ್ಮ ಜಿಲ್ಲೆಯಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ಪೂರ್ವಭಾವಿ ಪಾಠಕ್ರಮಕ್ಕೆ ಕನಿಷ್ಠ 12 ಕ್ರೆಡಿಟ್. ಪ್ರಸ್ತಾವವನ್ನು ಪರಿಶೀಲಿಸಿ ವಿಷಯವನ್ನು ಅಂತಿಮಗೊಳಿಸುವುದು ಸಂಶೋಧನ ಸಲಹಾ ಸಮಿತಿ.

ಸಮರ್ಥನೆಯೆಂದೊಡನೆ ವಿದ್ಯಾರ್ಥಿಗಳು ನಡುಗುತ್ತಾರೆ. ನಮ್ಮ ಪರಂಪರೆಯನ್ನು ಬಲ್ಲವರಿಗೆ ಈ ಭಯ ಇರಬೇಕಾಗಿಲ್ಲ. ‘ಶೂನ್ಯಸಂಪಾದನೆ’ಯ ಶರೀರವೇ ಪ್ರಶ್ನೋತ್ತರದ್ದು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಎಷ್ಟು ಕಠಿಣವಾಗಿ ಪ್ರಶ್ನಿಸುತ್ತಾರೆ! ಅದು ಸಂಪಾದನಕಾರರು ಕಟ್ಟಿದ ಸನ್ನಿವೇಶವೆಂಬುದು ನಿಜ. ಆದರೆ ಪರೀಕ್ಷೆಯನ್ನು ಅವಮಾನವೆಂದು ಅವರು ಚಿತ್ರಿಸಲಿಲ್ಲ. ಅಕ್ಕ ಕೋಪಗೊಳ್ಳದೆ, ಕೇಳಿದ್ದಕ್ಕಷ್ಟೇ ನೇರವಾಗಿ ಉತ್ತರಿಸುತ್ತಾಳೆ.

ಮಗ್ಗದ ವಿಷಯಕ್ಕೆ ಬರಬಹುದಾದ ಪ್ರಬಲ ಆಕ್ಷೇಪವನ್ನು ನೋಡೋಣ: ಇಂದಿನ ನೇಕಾರನ ಮಾತು ಶತಮಾನಗಳ ಹಿಂದಿನ ಅರ್ಥಕ್ಕೆ ಪ್ರಮಾಣವಾದೀತೇ? ಪ್ರಮಾಣವಾಗದು. ಇದನ್ನು ಮೊದಲು ಒಪ್ಪಬೇಕು. ಬಳಿಕ, ಆಡುಮಾತನ್ನು ಕಾಲನಿರ್ಣಯಕ್ಕೆ ಬಳಸುತ್ತಿಲ್ಲ, ಸಾಧ್ಯ ಅರ್ಥಗಳನ್ನು ಸೂಚಿಸಲು ಮಾತ್ರ ಬಳಸುತ್ತೇನೆ. ನಡುವಿನ ಕಾಲದ ಸಾಕ್ಷ್ಯಕ್ಕಾಗಿ ಶಾಸನಗಳನ್ನೂ, 1894ರ ಕಿಟೆಲ್ ನಿಘಂಟನ್ನೂ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನೂ ನೋಡುತ್ತೇನೆ ಎಂದು ಹೇಳಬಹುದು. ಎಷ್ಟು ಊರು, ಎಷ್ಟು ಮಂದಿ ನೇಕಾರರು, ಯಾವ ಪ್ರಶ್ನಾವಳಿ ಎಂಬುದೂ ಸಿದ್ಧವಿರಬೇಕು. ‘ಅನೇಕರನ್ನು ಕಾಣುತ್ತೇನೆ’ ಎಂಬುದು ಉತ್ತರವಲ್ಲ.

ಇನ್ನೊಂದು ಪ್ರಶ್ನೆ ಭಕ್ತರಾದ ವಿದ್ಯಾರ್ಥಿಗಳಿಗೇ ವಿಶೇಷ. ನೀವು ಕಂಡುಕೊಂಡದ್ದು ನಿಮ್ಮ ನಂಬಿಕೆಗೆ ಹೊಂದದಿದ್ದರೆ ಏನು ಮಾಡುವಿರಿ? ಸಿಕ್ಕ ಆಧಾರವನ್ನು ಸಿಕ್ಕಂತೆ ಬರೆಯುವೆನೆಂದು ಹೇಳಲಾರದವರು ವಿಷಯವನ್ನು ಬದಲಿಸುವುದು ಲೇಸು. ನನ್ನ ಮಟ್ಟಿಗೆ, ಶರಣರ ಮಾತಿಗೆ ಇಂಥ ಪರಿಶೀಲನೆಯಿಂದ ಕುಂದು ಬಾರದು.

ಸಮಿತಿಯು ತಿದ್ದುಪಡಿ ಸೂಚಿಸಿದರೆ ಅದನ್ನು ಅಂದೇ ಬರೆದುಕೊಂಡು, ಮಾರ್ಗದರ್ಶಕರೊಡನೆ ಚರ್ಚಿಸಿ, ಪರಿಷ್ಕೃತ ಪ್ರತಿಯನ್ನು ನಿಗದಿತ ದಿನದೊಳಗೆ ಸಲ್ಲಿಸಬೇಕು. ಬಳಿಕ ಪ್ರತಿ ಸೆಮಿಸ್ಟರಿನಲ್ಲಿಯೂ ಅದೇ ಸಮಿತಿಯ ಮುಂದೆ ಪ್ರಗತಿಯನ್ನು ಮಂಡಿಸಬೇಕಾಗುವುದರಿಂದ, ಮೊದಲ ದಿನದ ಟಿಪ್ಪಣಿಯನ್ನು ಕೊನೆಯವರೆಗೂ ಕಾಯ್ದಿಟ್ಟುಕೊಳ್ಳತಕ್ಕದ್ದು.