ಹಳೇ ಕಾರಿನ ಥರ್ಮೋಸ್ಟಾಟ್: ತೆಗೆದು ಬಿಸಾಡಬೇಡಿ, ಬದಲಿಸಿ

ಹೊಸಪೇಟೆ: ಬೇಸಿಗೆ ಬಂತೆಂದರೆ ಗ್ಯಾರೇಜುಗಳ ಮುಂದೆ ಬಾನೆಟ್ ಎತ್ತಿದ ಹಳೇ ಗಾಡಿಗಳ ಸಾಲು. ಮಾರುತಿ 800, ಓಮ್ನಿ, ಅಂಬಾಸಿಡರ್, ಹಳೇ ಸುಮೊ, ಬೊಲೆರೊ. ದೂರು ಒಂದೇ: "ಗಾಡಿ ಹೀಟ್ ಆಗ್ತೈತ್ರಿ." ಬಹಳ ಕಡೆ ಸಿಗುವ ಉತ್ತರವೂ ಒಂದೇ: "ಥರ್ಮೋಸ್ಟಾಟ್ ತೆಗೆದಾಕ್ತೀನ್ರಿ, ನಮ್ ಕಡೆ ಬಿಸಲಿಗೆ ಅದು ಬೇಕಾಗಂಗಿಲ್ಲ."

ಈ ಮಾತು ಎಷ್ಟು ನಿಜ? ಕೆಲವು ನೂರು ರೂಪಾಯಿಗೆ ಸಿಗುವ ಈ ಸಣ್ಣ ಬಿಡಿಭಾಗ ಕೆಟ್ಟರೆ ಹೆಡ್ ಗ್ಯಾಸ್ಕೆಟ್ ಹೋಗಿ ಸಾವಿರಗಟ್ಟಲೆ ಖರ್ಚಾಗಬಹುದು. ಅದನ್ನು ತೆಗೆದೇಬಿಟ್ಟರೂ ನಷ್ಟ ತಪ್ಪಲ್ಲ, ನಿಧಾನಕ್ಕೆ ಆಗುತ್ತೆ ಅಷ್ಟೇ. ಕೆಎ-35 ನಂಬರಿನ ಹಳೇ ಕಾರನ್ನು ಇನ್ನೂ ನಾಲ್ಕು ವರ್ಷ ಓಡಿಸಬೇಕು ಅನ್ನುವವರು ಇದನ್ನು ತಿಳಿದುಕೊಂಡಿರುವುದು ಒಳ್ಳೆಯದು.

ಥರ್ಮೋಸ್ಟಾಟ್ ಅಂದ್ರೆ ಏನು?

ಟಿಬಿ ಡ್ಯಾಂ ಗೇಟ್ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಎಂಜಿನ್ ಮತ್ತು ರೇಡಿಯೇಟರ್ ನಡುವೆ ಇರುವ ಸಣ್ಣ ಗೇಟ್ ಅದು. ಎಂಜಿನ್ ತಣ್ಣಗಿದ್ದಾಗ ಮುಚ್ಚಿರುತ್ತದೆ. ಆಗ ನೀರು ರೇಡಿಯೇಟರ್‌ಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ, ಎಂಜಿನ್ ಬೇಗ ಬಿಸಿಯಾಗುತ್ತದೆ. ನಿಗದಿತ ಬಿಸಿ ಮುಟ್ಟಿದ ಮೇಲೆ ಗೇಟ್ ಸ್ವಲ್ಪ ಸ್ವಲ್ಪವೇ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುತ್ತದೆ.

ಇದಕ್ಕೆ ಕರೆಂಟ್ ಬೇಡ, ವೈರ್ ಬೇಡ. ಒಳಗಿರುವ ಚಿಕ್ಕ ಹಿತ್ತಾಳೆ ಡಬ್ಬಿಯಲ್ಲಿ ಮೇಣ ತುಂಬಿರುತ್ತಾರೆ. ಕರಗಿಸಿದ ಮೇಣ ಗಟ್ಟಿಯಾಗುವಾಗ ನಡುವೆ ಗುಂಡಿ ಬೀಳುವುದನ್ನು ನೋಡಿರುತ್ತೀರಿ. ಗಟ್ಟಿಯಾದಾಗ ಕುಗ್ಗುತ್ತದೆ, ಕರಗಿದಾಗ ಹಿಗ್ಗುತ್ತದೆ. ಹಿಗ್ಗಿದ ಮೇಣ ಒಂದು ಪಿನ್ನನ್ನು ತಳ್ಳುತ್ತದೆ, ಗೇಟ್ ತೆರೆಯುತ್ತದೆ. ತಣ್ಣಗಾದರೆ ಸ್ಪ್ರಿಂಗ್ ಅದನ್ನು ಮತ್ತೆ ಮುಚ್ಚುತ್ತದೆ. 1930ರ ದಶಕದಲ್ಲಿ ಬಂದ ಈ ಉಪಾಯವೇ ಇಂದಿಗೂ ಬಹುತೇಕ ಗಾಡಿಗಳಲ್ಲಿದೆ. ಎಷ್ಟು ಡಿಗ್ರಿಗೆ ತೆರೆಯಬೇಕು ಎಂಬುದು ಅದರ ಮೇಲೆಯೇ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ 82 ಅಥವಾ 88.

ಬಿಸಿಲ ನಾಡಿಗೆ ಇದು ಯಾಕೆ ಬೇಕು?

ಗೊಂದಲ ಇರುವುದೇ ಇಲ್ಲಿ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದರೆ ನಮಗೆ ಉರಿ. ಎಂಜಿನ್‌ಗೆ ಅದು ತಂಪೇ. ಅದು ಸರಿಯಾಗಿ ಕೆಲಸ ಮಾಡಬೇಕಾದರೆ ನೀರಿನ ಬಿಸಿ 85-90 ಡಿಗ್ರಿ ಆಸುಪಾಸಿನಲ್ಲಿ ಇರಬೇಕು. ಹೊಸಪೇಟೆ ಬಿಸಿಲು ಅದರ ಅರ್ಧವೂ ಇಲ್ಲ.

ಇನ್ನೊಂದು ಮಾತು. ಥರ್ಮೋಸ್ಟಾಟ್ ಪೂರ್ತಿ ತೆರೆದ ಮೇಲೆ ಅದು ನೀರಿಗೆ ಹೆಚ್ಚೇನೂ ಅಡ್ಡ ಬರುವುದಿಲ್ಲ. ಅಂದರೆ ಅದು ಸರಿಯಿದ್ದೂ ಗಾಡಿ ಹೀಟ್ ಆಗುತ್ತಿದ್ದರೆ ತೊಂದರೆ ಬೇರೆ ಕಡೆ ಇದೆ ಎಂದೇ ಅರ್ಥ. ತೆಗೆದ ಮೇಲೆ ಮೀಟರ್ ಮುಳ್ಳು ಕೆಳಗಿಳಿದು ಸಮಾಧಾನ ಆಗಬಹುದು. ಆದರೆ ಕಟ್ಟಿಕೊಂಡ ರೇಡಿಯೇಟರ್ ಹಾಗೇ ಇರುತ್ತದೆ. ಮುಂದಿನ ಸಲ ನಾಲ್ಕು ಜನ ಕೂತು, ಎಸಿ ಹಾಕಿ ಸಂಡೂರು ಏರು ಹತ್ತಿದಾಗ ಮುಳ್ಳು ಮತ್ತೆ ಕೆಂಪಿಗೆ ಹೋಗುತ್ತದೆ.

ತೆಗೆದರೆ ಆಗುವ ನಷ್ಟ

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂನ 19ನೇ ಕ್ರಸ್ಟ್ ಗೇಟ್ ಚೈನ್ ಕಡಿದು ಕೊಚ್ಚಿಹೋದಾಗ ಏನಾಯ್ತು ನೆನಪಿದೆಯಲ್ಲ? ಬೇಕೋ ಬೇಡವೋ, ನೀರು ಹೋಗುತ್ತಲೇ ಇತ್ತು. ಥರ್ಮೋಸ್ಟಾಟ್ ಇಲ್ಲದ ಎಂಜಿನ್‌ನಲ್ಲೂ ಹೀಗೇ. ಗಾಡಿ ಸ್ಟಾರ್ಟ್ ಆದ ಕ್ಷಣದಿಂದ ನೀರು ರೇಡಿಯೇಟರ್‌ಗೆ ಹರಿದು ತಣ್ಣಗಾಗುತ್ತಲೇ ಇರುತ್ತದೆ.

• ಮೈಲೇಜ್ ಕುಸಿತ: ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕು. ಎಂಪಿಎಫ್‌ಐ ಗಾಡಿಗಳಲ್ಲಿ ಕಂಪ್ಯೂಟರ್ "ಎಂಜಿನ್ ಇನ್ನೂ ಬಿಸಿಯಾಗಿಲ್ಲ" ಎಂದುಕೊಂಡು ಪೆಟ್ರೋಲ್ ಹೆಚ್ಚು ಬಿಡುತ್ತದೆ.

• ಆಯಿಲ್ ಹಾಳು: ಬಸ್ ಸ್ಟ್ಯಾಂಡ್, ಮಾರ್ಕೆಟ್, ಮನೆ ಅಂತ ಎರಡು ಮೂರು ಕಿ.ಮೀ. ಓಡುವ ಗಾಡಿ ಪೂರ್ತಿ ಬಿಸಿಯೇ ಆಗುವುದಿಲ್ಲ. ಒಳಗಿನ ತೇವ ಆವಿಯಾಗದೆ ಆಯಿಲ್ ಜತೆ ಸೇರಿ ಕೆಸರಾಗುತ್ತದೆ. ಸಿಲಿಂಡರ್, ರಿಂಗ್ ಬೇಗ ಸವೆಯುತ್ತವೆ.

• ಹೊಗೆ ಪರೀಕ್ಷೆಯಲ್ಲಿ ಫೇಲ್: ಪೆಟ್ರೋಲ್ ಪೂರ್ತಿ ಉರಿಯದಿದ್ದರೆ ಹೊಗೆ ಹೆಚ್ಚು. 15 ವರ್ಷ ದಾಟಿದ ಕಾರಿನ ಆರ್‌ಸಿ ರಿನ್ಯೂವಲ್‌ಗೆ ಹೋಗುವವರಿಗೆ ಇದು ನೇರ ತಲೆನೋವು.

• ಕೆಲವು ಗಾಡಿಗಳಲ್ಲಿ ಹೀಟ್ ಇನ್ನೂ ಜಾಸ್ತಿ: ಥರ್ಮೋಸ್ಟಾಟ್‌ನ ಹಿಂಬದಿ ಇನ್ನೊಂದು ಚಿಕ್ಕ ಬಿಲ್ಲೆ ಇದ್ದರೆ ಅದು ಒಳದಾರಿಯನ್ನು, ಅಂದರೆ ಬೈಪಾಸನ್ನು, ಮುಚ್ಚಲು ಇಟ್ಟದ್ದು. ಅಂಥದ್ದನ್ನು ತೆಗೆದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೇ ಎಂಜಿನ್‌ಗೆ ವಾಪಸ್ ಬರುತ್ತದೆ. "ತೆಗೆದ ಮೇಲೆ ಹೀಟ್ ಜಾಸ್ತಿ ಆಯ್ತು" ಅನ್ನುವವರ ಕಥೆ ಬಹಳ ಸಲ ಇದೇ.

ಹಾಗಂತ ಮೆಕ್ಯಾನಿಕ್‌ಗಳ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಕೂಲೆಂಟ್ ಹಾಕದೆ ಬರೀ ಬೋರ್ ನೀರು ತುಂಬಿ ಓಡಿಸಿದ ಗಾಡಿಗಳಲ್ಲಿ ತುಕ್ಕು ಹಿಡಿದು ಥರ್ಮೋಸ್ಟಾಟ್ ಮುಚ್ಚಿದಂತೆಯೇ ಜಾಮ್ ಆಗುತ್ತದೆ. ನಡುದಾರಿಯಲ್ಲಿ ಹಾಗಾದರೆ ತೆಗೆದು ಊರು ಮುಟ್ಟುವುದು ಜಾಣತನವೇ. ತಾತ್ಕಾಲಿಕವಾದ ಆ ಉಪಾಯ ಖಾಯಂ ಆಗುವುದೇ ತಪ್ಪು.

ಎಲ್ಲಿ ಹೀಟ್ ಆಗುತ್ತೆ ನೋಡಿ, ಕಾರಣ ಸಿಗುತ್ತೆ

ಮೊದಲು ಕೂಲೆಂಟ್ ಮಟ್ಟ ಸರಿಯಿದೆಯೇ, ಎಲ್ಲಾದರೂ ಸೋರುತ್ತಿದೆಯೇ ನೋಡಿ. ಆಮೇಲೆ ಹೀಗೆ ಲೆಕ್ಕ ಹಾಕಿ:

• ಹಂಪಿ ಜಾತ್ರೆಯ ಟ್ರಾಫಿಕ್‌ನಲ್ಲಿ, ರೈಲ್ವೆ ಗೇಟ್ ಬಳಿ ನಿಂತಾಗ ಮಾತ್ರ ಹೀಟ್, ಹೈವೇಯಲ್ಲಿ ಸರಿ: ಫ್ಯಾನ್, ಫ್ಯಾನ್ ಸ್ವಿಚ್ ಅಥವಾ ರಿಲೇ ನೋಡಿಸಿ.

• ಸಂಡೂರು ಏರಿನಲ್ಲಿ, ಲೋಡ್ ಇದ್ದಾಗ ಮಾತ್ರ ಹೀಟ್: ರೇಡಿಯೇಟರ್ ಕಟ್ಟಿರಬಹುದು. ಅದಿರು ಲಾರಿಗಳ ಹಿಂದೆ ಓಡಾಡುವ ಗಾಡಿಗಳ ರೇಡಿಯೇಟರ್ ಸಂದಿಯಲ್ಲಿ ಕೆಂಪು ಧೂಳು ಹೊರಗಿನಿಂದಲೇ ಗೋಡೆ ಕಟ್ಟಿರುತ್ತದೆ. ಕಂಪ್ಲಿ ಕಡೆ ಗದ್ದೆ ಕೊಯ್ಲಿನ ದಿನಗಳಲ್ಲಿ ಹೊಟ್ಟು, ಹುಳ ಸೇರಿಕೊಳ್ಳುತ್ತವೆ. ಎಂಜಿನ್ ಕಡೆಯಿಂದ ಹೊರಗಡೆಗೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಪ್ರೆಷರ್ ಜೋರಾದರೆ ರೇಡಿಯೇಟರ್ ರೆಕ್ಕೆಗಳು ಮಡಚುತ್ತವೆ.

• ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಮುಳ್ಳು ಮೇಲಕ್ಕೆ, ಆದರೆ ಥರ್ಮೋಸ್ಟಾಟ್‌ನ ಆಚೆ, ರೇಡಿಯೇಟರ್ ಕಡೆಯ ಹೋಸ್ ಇನ್ನೂ ತಣ್ಣಗೆ: ಥರ್ಮೋಸ್ಟಾಟ್ ಮುಚ್ಚಿ ಜಾಮ್ ಆಗಿರುವ ಸಾಧ್ಯತೆ ಹೆಚ್ಚು.

• ಅರ್ಧ ಗಂಟೆ ಓಡಿಸಿದರೂ ಮುಳ್ಳು ಮೇಲೇಳದು: ಥರ್ಮೋಸ್ಟಾಟ್ ತೆರೆದೇ ಉಳಿದಿದೆ. ಇಲ್ಲವೇ ಹಿಂದಿನ ಮಾಲೀಕರು ತೆಗೆಸಿಬಿಟ್ಟಿದ್ದಾರೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಇದನ್ನು ಗಮನಿಸಿ.

• ಕೂಲೆಂಟ್ ಪದೇ ಪದೇ ಕಮ್ಮಿ, ಸೈಲೆನ್ಸರ್‌ನಲ್ಲಿ ನಿಲ್ಲದ ಬಿಳಿ ಹೊಗೆ, ರೇಡಿಯೇಟರ್‌ನಲ್ಲಿ ಗುಳ್ಳೆ: ಹೆಡ್ ಗ್ಯಾಸ್ಕೆಟ್ ಅನುಮಾನ. ಗಾಡಿ ಓಡಿಸಬೇಡಿ.

ಬದಲಿಸುವುದು ಹೇಗೆ?

ಮಾರುತಿ 800ರಂಥ ಹಳೇ ಗಾಡಿಯಲ್ಲಿ ಕೈ ಪಳಗಿದವರಿಗೆ ಒಂದೆರಡು ಗಂಟೆಯ ಕೆಲಸ. ನೀವೇ ಮಾಡದಿದ್ದರೂ ಗ್ಯಾರೇಜಿನಲ್ಲಿ ಏನು ನಡೆಯಬೇಕು ಎಂಬುದು ಗೊತ್ತಿರಲಿ.

1. ಎಂಜಿನ್ ಪೂರ್ತಿ ಆರಿರಬೇಕು. ರಾತ್ರಿ ನಿಲ್ಲಿಸಿ ಬೆಳಗ್ಗೆ ಶುರು ಮಾಡುವುದೇ ಲೇಸು. ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪ್ ತೆಗೆಯಲೇಬೇಡಿ. ಕ್ಯಾಪ್ ಮೇಲೆ 0.9 ಎಂದಿದ್ದರೆ ಒಳಗಿನ ಒತ್ತಡದಲ್ಲಿ ನೀರು ಸುಮಾರು 118 ಡಿಗ್ರಿಯವರೆಗೂ ಕುದಿಯದೆ ಇರುತ್ತದೆ. ಕ್ಯಾಪ್ ತೆಗೆದ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

2. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ರೇಡಿಯೇಟರ್ ಕೆಳಗಿನ ಪ್ಲಗ್ ಅಥವಾ ಕೆಳ ಹೋಸ್ ಬಿಚ್ಚಿ ಕೂಲೆಂಟನ್ನು ಟಬ್‌ಗೆ ಇಳಿಸಿ. ಕೂಲೆಂಟ್ ವಿಷ, ರುಚಿಯಲ್ಲಿ ಸಿಹಿ. ರಸ್ತೆಗೆ, ಚರಂಡಿಗೆ ಚೆಲ್ಲಿದರೆ ದನ, ನಾಯಿ ಕುಡಿದು ಸಾಯುತ್ತವೆ. ಮುಚ್ಚಳವಿರುವ ಕ್ಯಾನ್‌ಗೆ ತುಂಬಿಡಿ.

3. ರೇಡಿಯೇಟರ್‌ನ ಮೇಲಿನ ದಪ್ಪ ಹೋಸ್ ಹಿಡಿದು ಎಂಜಿನ್ ಕಡೆ ಹೋಗಿ. ಅದು ಸೇರುವ ಕಡೆ ಎರಡು ಮೂರು ಬೋಲ್ಟಿನ ಒಂದು ಟೊಪ್ಪಿ ಇರುತ್ತದೆ. ಹಳೇ ಗಾಡಿಗಳಲ್ಲಿ ಥರ್ಮೋಸ್ಟಾಟ್ ಸಾಮಾನ್ಯವಾಗಿ ಅದರೊಳಗೆ. ಕೆಲವು ಮಾಡೆಲ್‌ಗಳಲ್ಲಿ ಕೆಳ ಹೋಸ್ ಕಡೆ ಇರುತ್ತದೆ.

4. ಹಳೇ ಬೋಲ್ಟ್ ತುಕ್ಕು ಹಿಡಿದಿರುತ್ತದೆ. ಜೋರು ಮಾಡಿದರೆ ತಲೆ ಮುರಿದು ಹತ್ತು ನಿಮಿಷದ ಕೆಲಸ ಒಂದು ದಿನ ಹಿಡಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಕಾಯಿರಿ, ಹಿಂದೆ ಮುಂದೆ ಆಡಿಸುತ್ತಾ ಬಿಚ್ಚಿ.

5. ಹಳೇದು ಯಾವ ಮುಖ ಕೂತಿತ್ತು ಎಂದು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಸ್ಪ್ರಿಂಗ್, ಮೇಣದ ಡಬ್ಬಿ ಇರುವ ಕಡೆ ಎಂಜಿನ್‌ನತ್ತ ಇರಬೇಕು. ತಿರುವುಮುರುವಾದರೆ ಬಿಸಿ ನೀರು ಮೇಣಕ್ಕೆ ತಾಗುವುದು ತಡವಾಗಿ ಗಾಡಿ ಕುದಿಯುತ್ತದೆ. ಸಣ್ಣ ಗಾಳಿ ತೂತು ಇದ್ದರೆ ಅದು ಮೇಲ್ಗಡೆ ಬರಲಿ.

6. ಅಂಗಡಿಗೆ ಹಳೇದನ್ನೇ ಒಯ್ಯಿರಿ. ಅಗಲ, ಡಿಗ್ರಿ, ಹಿಂಬದಿ ಬಿಲ್ಲೆ ಎಲ್ಲ ತಾಳೆಯಾಗಬೇಕು. ಗಾಡಿಯ ಮಾಡೆಲ್, ವರ್ಷ ಹೇಳಿ. ಗ್ಯಾಸ್ಕೆಟ್ ಅಥವಾ ರಬ್ಬರ್ ರಿಂಗ್ ಹೊಸದೇ ಇರಲಿ.

7. ಹೊಸದನ್ನೂ ಪರೀಕ್ಷಿಸಿ. ಹಳೇ ಡಬ್ಬಿಯಲ್ಲಿ ನೀರಿಟ್ಟು, ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟು ಕಾಯಿಸಿ. ಅಚ್ಚಾದ ಡಿಗ್ರಿಯ ಹತ್ತಿರ ತೆರೆಯಲು ಶುರುವಾಗಬೇಕು, ಹೊರಗೆ ತೆಗೆದರೆ ಮತ್ತೆ ಮುಚ್ಚಬೇಕು. ಗಾಡಿಯಿಂದ ಬಿಚ್ಚಿದ್ದಕ್ಕೂ ಇದೇ ಪರೀಕ್ಷೆ. ಅಡುಗೆ ಪಾತ್ರೆ ಮಾತ್ರ ಬಳಸಬೇಡಿ.

8. ಕೂರುವ ಜಾಗದ ಹಳೇ ಗ್ಯಾಸ್ಕೆಟ್ ಕೆರೆದು ಒರೆಸಿ. ಅದು ಅಲ್ಯುಮಿನಿಯಂ, ಗೀರು ಬಿದ್ದರೆ ಸೋರುತ್ತದೆ. ಬೋಲ್ಟ್‌ಗಳನ್ನು ಅದಕ್ಕೊಂದು ಇದಕ್ಕೊಂದು ಸುತ್ತಿನಂತೆ ಸಮನಾಗಿ ಬಿಗಿಯಿರಿ.

9. ಗಾಳಿ ತೆಗೆಯಿರಿ. ಬಹಳ ಜನ ಎಡವುವುದು ಇಲ್ಲೇ. ಮೂತಿ ಸ್ವಲ್ಪ ಎತ್ತರಕ್ಕೆ ಬರುವಂತೆ ನಿಲ್ಲಿಸಿ, ಹೀಟರ್ ಇದ್ದರೆ ಫುಲ್ ಬಿಸಿಗೆ ತಿರುಗಿಸಿ, ಕೂಲೆಂಟ್ ತುಂಬಿ. ಬ್ಯಾಟರಿ ವೈರ್ ಹಾಕಿ ತಣ್ಣಗಿನ ಎಂಜಿನ್ ಅನ್ನು ಕ್ಯಾಪ್ ತೆರೆದೇ ಸ್ಟಾರ್ಟ್ ಮಾಡಿ. ಗುಳ್ಳೆ ಬರುತ್ತಾ ಮಟ್ಟ ಇಳಿಯುತ್ತದೆ, ತುಂಬುತ್ತಾ ಹೋಗಿ. ಮೇಲಿನ ಹೋಸ್ ಬಿಸಿಯಾಗಿ, ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ. ಓಮ್ನಿಯಲ್ಲಿ ಎಂಜಿನ್ ಸೀಟಿನಡಿ, ರೇಡಿಯೇಟರ್ ಮುಂದೆ. ಪೈಪ್ ಉದ್ದ ಇರುವುದರಿಂದ ಗಾಳಿ ಸಿಕ್ಕಿಕೊಳ್ಳುವುದು ಜಾಸ್ತಿ, ತಾಳ್ಮೆ ಬೇಕು. ಕೈ, ಬಟ್ಟೆ ಫ್ಯಾನ್‌ನಿಂದ ದೂರ.

10. ಮೊದಲ ದಿನ ಊರೊಳಗೇ ಓಡಿಸಿ, ಮಾರನೇ ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗ ಮಟ್ಟ ನೋಡಿ. ಆಮೇಲೆ ಸಂಡೂರು ಏರು ಹತ್ತಿಸಿ.

ಬೋರ್ ನೀರು ಬೇಡ

"ನಮ್ಮಲ್ಲೇನು ಹಿಮ ಬೀಳ್ತೈತಾ, ಕೂಲೆಂಟ್ ಯಾಕ್ರಿ?" ಅನ್ನುವವರಿದ್ದಾರೆ. ಹೆಪ್ಪುಗಟ್ಟದಂತೆ ಕಾಯುವುದು ಅದರ ಒಂದು ಕೆಲಸ ಅಷ್ಟೇ. ತುಕ್ಕು ತಡೆಯುವುದು, ಕುದಿಯುವ ಬಿಂದು ಏರಿಸುವುದು ನಮಗೆ ಬೇಕಾದ ಕೆಲಸಗಳು. ಗಡಸು ಬೋರ್ ನೀರು ಕಾದರೆ ಏನಾಗುತ್ತದೆ ಎಂಬುದನ್ನು ಸ್ನಾನದ ನೀರು ಕಾಯಿಸುವ ಕಾಯಿಲ್ ಮೇಲಿನ ಬಿಳಿ ಪದರದಲ್ಲೇ ನೋಡಬಹುದು. ಅದೇ ಪದರ ರೇಡಿಯೇಟರ್ ಕೊಳವೆಯಲ್ಲಿ, ಥರ್ಮೋಸ್ಟಾಟ್ ಮೇಲೆ ಕೂರುತ್ತದೆ. ಕೂಲೆಂಟ್ ಜತೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನು ಡಬ್ಬಿಯಲ್ಲಿ ಬರೆದ ಅಳತೆಯಂತೆ ಬೆರೆಸಿ. ರೆಡಿ ಮಿಕ್ಸ್ ಆದರೆ ಹಾಗೇ ಹಾಕಿ.

ದಾರಿಯಲ್ಲಿ ಮುಳ್ಳು ಕೆಂಪಿಗೆ ಬಂದರೆ

ಎಸಿ ಆಫ್ ಮಾಡಿ, ಹೀಟರ್ ಇದ್ದರೆ ಫುಲ್ ಹಾಕಿ. ಅದೂ ಒಂದು ಚಿಕ್ಕ ರೇಡಿಯೇಟರ್‌ನಂತೆ ಬಿಸಿ ಎಳೆಯುತ್ತದೆ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. "ಇನ್ನೇನು ಐದು ಕಿ.ಮೀ., ಊರು ಮುಟ್ಟಿಬಿಡೋಣ" ಅಂತ ಎಳೆದರೆ ಹೆಡ್ ಸೊಟ್ಟಗಾಗುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಲೋಹ ಬಿರುಕು ಬಿಡಬಹುದು. ಮುಕ್ಕಾಲು ಗಂಟೆಯಾದರೂ ಕಾಯಿರಿ. ಹೋಸ್ ಹಿಂಡಿ ನೋಡಿದಾಗ ಒತ್ತಡ ಇಲ್ಲ, ಬಿಸಿಯೂ ಇಲ್ಲ ಎಂದಾದ ಮೇಲಷ್ಟೇ ಕ್ಯಾಪ್ ಮೇಲೆ ಬಟ್ಟೆ ಹಾಕಿ ಮೆಲ್ಲಗೆ ತೆಗೆಯಿರಿ. ಆ ಹೊತ್ತಿಗೆ ಸಿಕ್ಕ ಕುಡಿಯುವ ನೀರು ಹಾಕಿ ಊರು ಸೇರಬಹುದು. ಸೇರಿದ ಮೇಲೆ ಅದನ್ನು ಇಳಿಸಿ ಕೂಲೆಂಟ್ ತುಂಬಿಸಿ.

ಗ್ಯಾರೇಜಿನಲ್ಲಿ ಕೇಳಬೇಕಾದ ಮೂರು ಪ್ರಶ್ನೆ

• ನನ್ನ ಗಾಡಿಯಲ್ಲಿ ಥರ್ಮೋಸ್ಟಾಟ್ ಇದೆಯೋ, ಮೊದಲೇ ತೆಗೆದಿದ್ದಾರೋ?

• ಬಿಸಿ ನೀರಲ್ಲಿ ಹಾಕಿ ನೋಡಿದ್ರಾ?

• ಫ್ಯಾನ್, ರೇಡಿಯೇಟರ್, ಕ್ಯಾಪ್, ವಾಟರ್ ಪಂಪ್ ಚೆಕ್ ಆಯ್ತಾ?

"ತೆಗೆದಾಕ್ತೀನಿ" ಅಂದರೆ "ತೆಗೀರಿ ಅಣ್ಣ, ಆದ್ರೆ ಹೊಸಾದು ಹಾಕ್ರಿ" ಅನ್ನಿ. ಬಿಚ್ಚಿದ ಹಳೇದನ್ನು ಕೇಳಿ ಇಸಕೊಳ್ಳಿ, ಅದರ ಮೇಲಿನ ಡಿಗ್ರಿ ನಂಬರ್ ಮುಂದಿನ ಸಲಕ್ಕೂ ಬೇಕಾಗುತ್ತದೆ.